ಆರುನೂರ ಹನ್ನೆರಡು ಮಾತು

"ಎರಡು ಲಕ್ಷದ ಎಂಬತ್ತು ಸಾವಿರ," ಎಂದಳು ಗ್ರಂಥಪಾಲಕಿ, ಪರದೆಯ ಮೇಲಿದ್ದ ಸಂಖ್ಯೆಗೆ ಬೆರಳಿಟ್ಟು. "ನಿಮ್ಮ ಯಂತ್ರದ ಹೆಸರು ಅಷ್ಟು ಕಡೆ ಸಿಕ್ಕಿದೆ. ಎಲ್ಲಾ ನೋಡ್ತಾ ಕೂತ್ರೆ ಈ ಕುರ್ಚಿಯಲ್ಲೇ ನಮ್ಮಿಬ್ಬರಿಗೂ ವಯಸ್ಸಾಗಿಹೋಗತ್ತೆ."

"ನನಗೆ ಆಗ್ಲೇ ಆಗಿದೆ ಮೇಡಂ. ನೀವು ಹುಡುಕಿ," ಎಂದ ಗಡಿಯಾರ ರಿಪೇರಿಯವನು.

ಅವಳು ನಗಲಿಲ್ಲ. ಗ್ರಂಥಾಲಯದಲ್ಲಿ ಯಾರಾದರೂ ಕುರ್ಚಿ ಎಳೆದರೂ ಸಾಕು, ತುಟಿಗೆ ಬೆರಳಿಟ್ಟು ಶ್ ಎನ್ನುವವಳೆಂದು ಓದುಗರು ಅವಳಿಗೆ ಶ್ ಮೇಡಂ ಎಂದೇ ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೂ ಅವಳ ಪಾಲಿಗೇ ಬಂದಿತ್ತು. ಪುಸ್ತಕಗಳ ಪಟ್ಟಿ ಇಡುವ ಪ್ರೋಗ್ರಾಂ ಪದೇ ಪದೇ ಕೈಕೊಡುತ್ತಿದ್ದುದರಿಂದ ಅದರ ಒಳಗೆ ಕೈಹಾಕಿ ಹಾಕಿ ಅಷ್ಟಿಷ್ಟು ಕಲಿತಿದ್ದಳು. ಹಾಗೆಂದು ಯಾರೋ ಹೇಳಿದ್ದನ್ನೇ ನಂಬಿಕೊಂಡು ಗಡಿಯಾರದವನು ಮೂರು ದಿನದಿಂದ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಇಲ್ಲಿಗೆ ಬರುತ್ತಿದ್ದ.

ಯಂತ್ರ ಅವನ ಅಕ್ಕನದು. ನಾಲ್ಕು ವರ್ಷದ ಹಿಂದೆ ಅಕ್ಕನ ಗಂಟಲಲ್ಲಿ ಗೆಡ್ಡೆ ಬೆಳೆದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: ಎಷ್ಟು ದಿನ ಟೈಮ್ ಇದೆ? ಹದಿನೆಂಟು ದಿನವಿತ್ತು. ಅಷ್ಟರೊಳಗೆ ಅಂಗೈಯಗಲದ ಒಂದು ಯಂತ್ರ ತರಿಸಿಕೊಂಡು, ಅದರಲ್ಲಿ ತನ್ನ ದನಿಯಲ್ಲೇ ಆರುನೂರ ಹನ್ನೆರಡು ಮಾತು ತುಂಬಿಸಿದಳು. ಗುಂಡಿ ಒತ್ತಿದರೆ ಅವಳ ಮಾತು ಅವಳದೇ ದನಿಯಲ್ಲಿ ಹೊರಗೆ ಬರುತ್ತಿತ್ತು. ಬೇರೆಯವರಾಗಿದ್ದರೆ ನೀರು ಬೇಕು, ನೋಯುತ್ತಿದೆ, ದೇವರು ಒಳ್ಳೆಯದು ಮಾಡಲಿ ಎಂಬಂಥದ್ದನ್ನು ತುಂಬಿಸುತ್ತಿದ್ದರೇನೋ. ಅಕ್ಕನೂ ಅಂಥವನ್ನು ಒಂದು ಇಪ್ಪತ್ತು ಹೇಳಿದಳು. ಮಿಕ್ಕಿದ್ದರಲ್ಲಿ ಮುಕ್ಕಾಲುಪಾಲು ಬೈಗುಳ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ಜನರ ಮೇಲೆ ಅವಳು ಮೇಲ್ವಿಚಾರಕಿ. ದಿನಕ್ಕೆ ಸಾವಿರಾರು ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಗೌನು ಒಗೆದು, ಒಣಗಿಸಿ, ಬಿಸಿ ರೋಲರುಗಳ ನಡುವೆ ತೂರಿಸಿ ಇಸ್ತ್ರಿ ಮಾಡುವ ಜಾಗ. ಅಲ್ಲಿ ಮೆತ್ತಗೆ ಮಾತಾಡಿದರೆ ಯಾರೂ ಸೊಪ್ಪು ಹಾಕುವುದಿಲ್ಲ.

ಮೂರು ವಾರದ ಹಿಂದೆ ಯಂತ್ರದ ಬ್ಯಾಟರಿ ಉಬ್ಬಿ, ಒಳಗಿದ್ದದ್ದೆಲ್ಲ ಸುಟ್ಟುಹೋಯಿತು. ಮಾಡಿದ ಕಂಪನಿ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಉಳಿದದ್ದು ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡ್ ಒಂದೇ. ಅದರೊಳಗೆ ಆರುನೂರ ಹನ್ನೆರಡು ಫೈಲು ಇದ್ದವು ನಿಜ, ಆದರೆ ಜಗತ್ತಿನ ಯಾವ ಕಂಪ್ಯೂಟರಿಗೂ ಅವು ಏನೆಂದು ಗೊತ್ತಾಗುತ್ತಿರಲಿಲ್ಲ.

ಅಕ್ಕ ಸ್ಲೇಟು ಹಿಡಿದಳು. ಮಾತು ಬೆನ್ನು ತಿರುಗಿಸಿದವರಿಗೂ ಮುಟ್ಟುತ್ತದೆ, ಸ್ಲೇಟು ಮುಟ್ಟುವುದಿಲ್ಲ. ಎರಡನೇ ವಾರವೇ ಒಬ್ಬಾಕೆಯ ಬೆರಳು ರೋಲರಿಗೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿತು. ಅಕ್ಕ ನೋಡಿದ್ದಳು, ಕೂಗಲಾಗಲಿಲ್ಲ. ಫೋನಿನಲ್ಲಿ ಬರೆದರೆ ಓದಿ ಹೇಳುವ ಹೊಸ ಆ್ಯಪ್ ಒಂದನ್ನು ತಮ್ಮ ಹಾಕಿಕೊಟ್ಟ. ಅದರಲ್ಲಿದ್ದದ್ದು ಯಾವುದೋ ಹುಡುಗಿಯ ಸಕ್ಕರೆ ದನಿ. ಲಾಂಡ್ರಿಯವರು ಬಿದ್ದು ಬಿದ್ದು ನಕ್ಕರು. ಅಕ್ಕ ಮನೆಗೆ ಬಂದು ಸ್ಲೇಟಿನ ಮೇಲೆ ಬರೆದಳು: "ಆ ಹುಡುಗಿ ಬೈದರೆ ಜೋಗುಳ ಹಾಡಿದ ಹಾಗಿರುತ್ತೆ." ಕೊನೆಗೆ ಆಸ್ಪತ್ರೆಯ ಅಧಿಕಾರಿ, ಒಳ್ಳೆಯವನೇ ಪಾಪ, ಸೋಮವಾರದಿಂದ ಅವಳನ್ನು ನೆಲಮಾಳಿಗೆಯ ಕೋಣೆಗೆ ಹಾಕುವುದೆಂದು ತೀರ್ಮಾನಿಸಿದ. ಅಲ್ಲಿ ಒಬ್ಬಳೇ ಕೂತು ಹರಿದ ಹೊದಿಕೆಗಳನ್ನು ಬೇರೆ ಮಾಡುವ ಕೆಲಸ. ಮಾತಿನ ಅಗತ್ಯವಿಲ್ಲ. ಇವತ್ತು ಬುಧವಾರ.

"ಯಂತ್ರದ ಹೆಸರಿನ ಅರ್ಥ ಗೆಳೆಯ ಅಂತ ತಾನೇ?" ಎಂದಳು ಗ್ರಂಥಪಾಲಕಿ. "ತಾನು ಮಾಡಿದ ಪ್ರೋಗ್ರಾಮಿಗೆ ಗೆಳೆಯ ಅಂತ ಹೆಸರಿಡದೋರು ಯಾರಿದ್ದಾರೆ ಹೇಳಿ. ಅದಕ್ಕೇ ಲಕ್ಷಗಟ್ಟಲೆ ಬರ್ತಿವೆ."

"ಅಲ್ಲಾ ಮೇಡಂ, ನೀವು ಎಲ್ಲಿ ಹುಡುಕ್ತಿದೀರಿ ಅನ್ನೋದೇ ನನಗೆ ಅರ್ಥ ಆಗಿಲ್ಲ."

ಅವಳು ಕುರ್ಚಿಯನ್ನು ಸದ್ದಾಗದ ಹಾಗೆ ಎತ್ತಿ ಅವನ ಕಡೆ ತಿರುಗಿಸಿದಳು. "ಪ್ರೋಗ್ರಾಂ ಅಂದ್ರೆ ಕೊನೆಗೂ ಬರವಣಿಗೆ. ಕೆಲವರು ಅದನ್ನ ಬೀಗ ಹಾಕಿ ಇಟ್ಕೋತಾರೆ. ಇನ್ನು ಕೆಲವರು ಬರೆದಿದ್ದನ್ನೆಲ್ಲ ಹಾಗೇ ತೆರೆದಿಡ್ತಾರೆ. ಯಾರು ಬೇಕಾದ್ರೂ ಓದಬಹುದು, ತಗೊಂಡು ಬಳಸಬಹುದು, ತಿದ್ದಬಹುದು. ಓಪನ್ ಸೋರ್ಸ್ ಅಂತಾರೆ. ಅಂಥದ್ದೆಲ್ಲ ಒಟ್ಟಿಗೆ ಇರೋ ಉಗ್ರಾಣಗಳಿವೆ. ಅದರಲ್ಲಿ ಒಂದು ಪದ ಕೊಟ್ಟು ಹುಡುಕಿದ್ರೆ, ಆ ಪದ ಯಾರ ಬರವಣಿಗೆಯ ಎಷ್ಟನೇ ಸಾಲಲ್ಲಿದೆ ಅಂತ ತೋರಿಸತ್ತೆ."

"ಸುಮ್ಮನೆ ಕೊಡ್ತಾರಾ?" ಗಡಿಯಾರದವನಿಗೆ ನಂಬಿಕೆ ಬರಲಿಲ್ಲ. ಅವನ ಕಸುಬಿನಲ್ಲಿ ಒಂದು ಒಳ್ಳೆಯ ಎಣ್ಣೆ ಎಲ್ಲಿ ಸಿಗುತ್ತದೆಂದು ಅಣ್ಣ ತಮ್ಮನಿಗೆ ಹೇಳುವುದಿಲ್ಲ. "ಯಾಕೆ?"

"ಅದನ್ನ ಅವರನ್ನೇ ಕೇಳ್ಬೇಕು."

ಕಂಪನಿಯ ಹೆಸರು ಕೊಟ್ಟು ಹುಡುಕಿದರು. ಬರೀ ಜಾಹೀರಾತು ಬಂತು. ಫೈಲುಗಳ ಹೆಸರಿನ ತುದಿಯಲ್ಲಿದ್ದ ಮೂರಕ್ಷರ ಕೊಟ್ಟರು. ಅದು ಊರಲ್ಲಿರುವವರೆಲ್ಲ ಇಟ್ಟುಕೊಂಡಿರುವಂಥ ಹೆಸರು, ಕೋಟಿ ದಾಟಿತು. ಗ್ರಂಥಪಾಲಕಿ ಕೈಚೆಲ್ಲಿ ಕೂತಳು. ಆಗ ಓದುಗನೊಬ್ಬ ಬಂದು, ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, ಇದು ಯಾವ ಕಪಾಟಿನದು ಎಂದು ಕೇಳಿದ. ಅವಳು ಅಭ್ಯಾಸಬಲದಿಂದ ಅದನ್ನೆತ್ತಿ, ಮೊದಲ ಹಾಳೆ ಬಿಡಿಸಿ, ಒಳಮೂಲೆಯಲ್ಲಿ ಒತ್ತಿದ್ದ ಮುದ್ರೆ ನೋಡಿ, "ಏಳನೇದು," ಎಂದು ಕೈಗೆ ಕೊಟ್ಟಳು. ಕೊಟ್ಟವಳು ಹಾಗೇ ನಿಂತುಬಿಟ್ಟಳು.

"ಏನಾಯ್ತು ಮೇಡಂ?"

"ರಟ್ಟು ಇಲ್ದಿದ್ರೆ ಒಳಗಿನ ಮೊದಲ ಹಾಳೆ ನೋಡ್ತೀನಿ ನಾನು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ. ಮೂರು ದಿನದಿಂದ ಬರೀ ರಟ್ಟು ನೋಡ್ತಾ ಕೂತಿದೀನಲ್ಲ, ನನಗೆ ಏನಾಗಿದೆ!"

ಒಂದು ಫೈಲನ್ನು ಅಕ್ಷರಗಳಾಗಿ ತೋರಿಸುವಂತೆ ತೆರೆದಳು. ಮಸಿಯಲ್ಲಿ ಬಿದ್ದ ಇರುವೆಗಳು ಕಾಗದದ ಮೇಲೆ ಓಡಾಡಿದ ಹಾಗೆ ಪರದೆಯ ತುಂಬ ಅರ್ಥವಿಲ್ಲದ ಗುರುತು. ಆದರೆ ಎಲ್ಲಕ್ಕಿಂತ ಮೊದಲು, ಸ್ಪಷ್ಟವಾಗಿ ಓದಲು ಬರುವಂತೆ, ಆರು ಅಕ್ಷರ: ಕೆ, ಝಡ್, ವಿ, ಎಂ, ಸೊನ್ನೆ, ಎರಡು. ಇನ್ನೊಂದು ಫೈಲು ತೆರೆದಳು. ಅದೇ ಆರು. ಹತ್ತು ಫೈಲು ತೆರೆದರು, ಹತ್ತರಲ್ಲೂ ಅದೇ ಇತ್ತು. ಅವಳು ಆ ಆರು ಅಕ್ಷರವನ್ನು ಹುಡುಕುವ ಪೆಟ್ಟಿಗೆಯಲ್ಲಿ ತುಂಬಿ ಒತ್ತಿದಳು.

"ನಾಲ್ಕು," ಎಂದ ಗಡಿಯಾರದವನು ಪರದೆ ನೋಡಿ. "ಲಕ್ಷ ಅಲ್ಲ, ಅಲ್ವಾ? ಬರೀ ನಾಲ್ಕು?"

"ಬರೀ ನಾಲ್ಕು."

ಅವರಿಬ್ಬರ ದನಿಯೂ ಏರಿತ್ತು. ಓದುತ್ತಿದ್ದವರೊಬ್ಬರು ತಲೆಯೆತ್ತಿ ಶ್ ಎಂದರು. ಜೀವಮಾನದಲ್ಲಿ ಮೊದಲ ಸಲ ಆ ಸದ್ದು ತನ್ನ ಕಡೆಗೆ ಬಂದದ್ದನ್ನು ಕೇಳಿ ಗ್ರಂಥಪಾಲಕಿ ಕೆಂಪಾದಳು.

ಮೂರರಲ್ಲಿ ಆ ಅಕ್ಷರಗಳು ಬೇರೇನೋ ರಾಶಿಯ ನಡುವೆ ಅಕಸ್ಮಾತ್ತಾಗಿ ಸೇರಿಕೊಂಡಿದ್ದವು. ನಾಲ್ಕನೆಯದು ಒಂದು ಚಿಕ್ಕ ಪ್ರೋಗ್ರಾಂ. ಬರೆದವರು ಯಾರೋ, ಯಾವ ದೇಶದವರೋ ತಿಳಿಯಲಿಲ್ಲ. ಆರು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮೇಲೆ ಎರಡು ಸಾಲಿನ ಟಿಪ್ಪಣಿ ಇತ್ತು. ಗ್ರಂಥಪಾಲಕಿ ಅದನ್ನು ಕನ್ನಡದಲ್ಲಿ ಹೇಳಿದಳು: "ಚಿಕ್ಕಪ್ಪನ ಯಂತ್ರ ಕೆಟ್ಟಾಗ ಬರೆದದ್ದು. ನಮ್ಮ ಮನೆಯಲ್ಲಿ ಕೆಲಸ ಮಾಡಿತು, ನಿಮ್ಮ ಮನೆಯಲ್ಲಿ ಮಾಡುತ್ತದೆಂದು ಭರವಸೆ ಕೊಡಲಾರೆ."

ಆ ಕಾಣದ ಚಿಕ್ಕಪ್ಪ ಈಗ ಇದ್ದಾನೋ ಇಲ್ಲವೋ ಎಂದು ಗಡಿಯಾರದವನಿಗೆ ಸುಮ್ಮನೆ ಯೋಚನೆಯಾಯಿತು.

ಮರುದಿನ ಅಕ್ಕನೂ ಬಂದಳು. ಬರುವುದಿಲ್ಲ ಎಂದು ಬೆಳಿಗ್ಗೆ ಸ್ಲೇಟಿನ ಮೇಲೆ ಎರಡು ಸಲ ಬರೆದಿದ್ದವಳು, ಮಧ್ಯಾಹ್ನ ತಮ್ಮನಿಗಿಂತ ಮೊದಲೇ ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದಳು. ಕುತ್ತಿಗೆಗೆ ಬಟ್ಟೆ ಸುತ್ತಿ, ತೊಳೆದ ಸೀರೆ ಉಟ್ಟಿದ್ದಳು. ಓದುಗರಿಗೆ ತೊಂದರೆಯಾಗದಿರಲೆಂದು ಗ್ರಂಥಪಾಲಕಿ ಹಳೆಯ ಪತ್ರಿಕೆಗಳ ಕೋಣೆಗೆ ಕಂಪ್ಯೂಟರು ಸಾಗಿಸಿದ್ದಳು. ಒಂದು ಫೈಲನ್ನು ಪ್ರೋಗ್ರಾಮಿಗೆ ಕೊಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸ್ಪೀಕರಿನಿಂದ ಕೀಚಲು ದನಿಯೊಂದು ಬಡಬಡನೆ ಕಿರುಚಿ ನಿಂತಿತು.

ಗಿಳಿಯೋ, ಬಾಲ ಮೆಟ್ಟಿಸಿಕೊಂಡ ಬೆಕ್ಕೋ ಹೇಳುವುದು ಕಷ್ಟವಾಗಿತ್ತು. ಇನ್ನೊಂದು ಹಾಕಿದರು. ಅದೂ ಹಾಗೇ. ಮೂರನೆಯದನ್ನು ಹಾಕುವಷ್ಟರಲ್ಲಿ ಅಕ್ಕ ಕೈಯೆತ್ತಿ ತಡೆದಳು. ಸ್ಲೇಟಿನ ಮೇಲೆ ಬರೆದಳು: "ಇದು ನಾನಲ್ಲ." ಅದನ್ನು ಅಂಗೈಯಿಂದ ಒರೆಸಿ, ಮತ್ತೆ ಬರೆದಳು: "ಸಾಕು ಬಿಡು. ನೆಲಮಾಳಿಗೆಯಲ್ಲಿ ತಂಪಾಗಿರುತ್ತೆ." ಗ್ರಂಥಪಾಲಕಿಗೆ ಕೈಮುಗಿದು ಹೊರಟುಹೋದಳು.

"ಅಕ್ಕಾ, ನಿಲ್ಲೇ," ಎಂದ ತಮ್ಮ. ಅವಳು ನಿಲ್ಲಲಿಲ್ಲ. ಐವತ್ತು ದಾಟಿದ ಗಂಡಸು, ಹಳೆಯ ಪತ್ರಿಕೆಗಳ ಧೂಳಿನ ನಡುವೆ ಮಗುವಿನ ಹಾಗೆ ಮುಖ ಸಣ್ಣ ಮಾಡಿಕೊಂಡು ಕೂತ.

"ಫೈಲುಗಳೇ ಕೆಟ್ಟಿವೆ ಅನ್ಸತ್ತೆ," ಎಂದಳು ಗ್ರಂಥಪಾಲಕಿ ಮೆಲ್ಲಗೆ. "ಯಂತ್ರ ಸುಟ್ಟಾಗ ಕಾರ್ಡಿಗೂ ಬಿಸಿ ತಾಗಿರಬಹುದು."

"ಇನ್ನೊಂದೇ ಒಂದು ಹಾಕಿ ಮೇಡಂ. ಎಲ್ಲಕ್ಕಿಂತ ಉದ್ದದ್ದು ಯಾವುದಿದೆಯೋ ಅದು."

ಉದ್ದದ್ದು ನಾನೂರ ಏಳನೆಯದು. ಮಿಕ್ಕವೆಲ್ಲ ಮೂರು ನಾಲ್ಕು ಸೆಕೆಂಡಿನವಾದರೆ ಇದು ಒಂದೂವರೆ ನಿಮಿಷಕ್ಕೂ ಹೆಚ್ಚಿತ್ತು. ಹೇಳಿದ ಮೇಲೆ ನಿಲ್ಲಿಸುವ ಗುಂಡಿ ಒತ್ತಲು ಅಕ್ಕ ಮರೆತಿರಬೇಕು. ಮೊದಲು ಕೀಚಲು ದನಿ ಕೂಗಿತು. ಆಮೇಲೆ ಬರೀ ಕೋಣೆಯ ಸದ್ದು. ಏನೋ ಸರಿದಾಡಿದ್ದು, ಲೋಟ ಇಟ್ಟದ್ದು. ಅದರ ಹಿಂದೆ, ತೀರ ಹಿಂದೆ, ಟಿಕ್ ಟಿಕ್ ಟಿಕ್.

ಗಡಿಯಾರದವನು ನೆಟ್ಟಗೆ ಕೂತ.

ಅಕ್ಕ ಅಷ್ಟೂ ಮಾತುಗಳನ್ನು ತುಂಬಿಸಿದ್ದು ಅವನ ಅಂಗಡಿಯ ಹಿಂಗೋಣೆಯಲ್ಲಿ. ಸದ್ದಿಲ್ಲದ ಜಾಗದಲ್ಲಿ ಮಾತಾಡಬೇಕು ಎಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅಕ್ಕ ತಮ್ಮ ಇಬ್ಬರೂ ಸೇರಿ ಯೋಚಿಸಿ, ಊರಿಗೆಲ್ಲ ಅದಕ್ಕಿಂತ ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ ಎಂದು ಹಿಂಗೋಣೆಯನ್ನು ಆರಿಸಿದ್ದರು. ಅಲ್ಲಿ ಇಪ್ಪತ್ತು ಗಡಿಯಾರಗಳು ಹಗಲೂ ರಾತ್ರಿ ಬಡಿದುಕೊಳ್ಳುತ್ತಿದ್ದವು. ಗಡಿಯಾರ ರಿಪೇರಿಯವನ ಮನೆಯಲ್ಲಿ ಹುಟ್ಟಿ, ಆ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡ ಮಕ್ಕಳಿಗೆ ಅದು ಸದ್ದೆಂದು ಹೊಳೆಯುವುದಾದರೂ ಹೇಗೆ? ಒಂದು ಗಡಿಯಾರ ನಿಂತರೆ ಮಾತ್ರ ಅವರಿಗೆ ಎಚ್ಚರವಾಗುತ್ತಿತ್ತು.

"ಓಡ್ತಿದೆ," ಎಂದ.

"ಯಾವುದು?"

"ನಮ್ಮಪ್ಪನ ಗಡಿಯಾರ. ಆಳೆತ್ತರದ್ದು, ದೊಡ್ಡ ಲೋಲಕದ್ದು. ಇದೇ ದಪ್ಪನೆ ಸದ್ದು ಅದರದ್ದು. ಸೆಕೆಂಡಿಗೆ ಒಂದೇ ಹೊಡೆತ ಹೊಡೆಯತ್ತೆ. ನಾನೇ ಕೀಲಿ ಕೊಡ್ತೀನಿ ಮೇಡಂ, ವಾರಕ್ಕೆ ಅರ್ಧ ನಿಮಿಷ ಹಿಂದೆ ಬಿದ್ರೆ ಹೆಚ್ಚು. ಯಾವತ್ತೂ ಹೀಗೆ ಓಡಿದ್ದಿಲ್ಲ ಅದು. ಇನ್ನೊಂದ್ಸಲ ಹಾಕಿ."

ಅವನು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿ, ಬೆರಳಿನಿಂದ ಮೇಜು ತಟ್ಟುತ್ತ ಎಣಿಸಿದ. ಗ್ರಂಥಪಾಲಕಿ ಅವನು ಹೇಳಿದಂತೆ ಮುಳ್ಳು ನೋಡುತ್ತಿದ್ದು, ಮೂವತ್ತು ಸೆಕೆಂಡಾದಾಗ ಅವನ ತೋಳು ಮುಟ್ಟಿದಳು.

"ನಲವತ್ತು," ಎಂದ ಅವನು. "ಇನ್ನೊಂದ್ಸಲ." ಮತ್ತೆ ಎಣಿಸಿದ. ಮತ್ತೆ ನಲವತ್ತು. ಅವನ ಮುಖ ಬಿಚ್ಚಿಕೊಂಡಿತು. "ಏನೂ ಕೆಟ್ಟಿಲ್ಲ ಮೇಡಂ! ಮೂವತ್ತು ಹೊಡೆಯೋ ಕಡೆ ನಲವತ್ತು ಹೊಡೀತಿದೆ, ಅಷ್ಟೇ. ಮಾತು ಸರಿಯಾಗೇ ಇದೆ, ಮುಂದೆ ಓಡ್ತಿದೆ. ನಾಲ್ಕಕ್ಕೆ ಮೂರು ಮಾಡಿ. ಅದರಲ್ಲಿ ಎಲ್ಲಾದ್ರೂ ಓಟ ತಗ್ಗಿಸೋ ತಿರುಪು ಇದ್ಯಾ?"

ಗ್ರಂಥಪಾಲಕಿ ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳೋಡಿಸಿದಳು. "ಇಲ್ಲಿ. ಸೆಕೆಂಡಿಗೆ ದನಿಯ ಹದಿನಾರು ಸಾವಿರ ತುಣುಕು ಓದು ಅಂತ ಇದೆ. ಆ ಚಿಕ್ಕಪ್ಪನ ಯಂತ್ರದ್ದು ಅಷ್ಟಿತ್ತೇನೋ. ಇದರ ಮುಕ್ಕಾಲು ಅಂದ್ರೆ ಹನ್ನೆರಡು ಸಾವಿರ." ಅಳಿಸಿ, ಬರೆದಳು. ಗುಂಡಿ ಒತ್ತುವ ಮೊದಲು ಅವನ ಮುಖ ನೋಡಿದಳು. ಅವನು ತಲೆಯಾಡಿಸಿದ.

"ಯಾವನಯ್ಯಾ ರಕ್ತದ ಬಟ್ಟೆ ತಂದು ಬಿಳೀ ಬಟ್ಟೆ ಜೊತೆ ಸುರಿದವನು! ಕಣ್ಣೇನು ಮನೇಲಿ ಇಟ್ಟು ಬಂದಿದೀಯಾ?"

ಹಳೆಯ ಪತ್ರಿಕೆಗಳ ಕೋಣೆ ನಡುಗಿತು. ಆಚೆ ಓದುತ್ತಿದ್ದವರೆಲ್ಲ ಬೆಚ್ಚಿ ತಲೆಯೆತ್ತಿದರು. ಒಬ್ಬ ಮುದುಕ ಕೈಲಿದ್ದ ಪುಸ್ತಕವನ್ನು ಅಪರಾಧಿಯ ಹಾಗೆ ಮುಚ್ಚಿಟ್ಟ. ಗ್ರಂಥಪಾಲಕಿ ಯಾರಿಗೂ ಶ್ ಎನ್ನಲಿಲ್ಲ, ತನ್ನ ಬಾಯಿಯ ಮೇಲೇ ಕೈಯಿಟ್ಟುಕೊಂಡಿದ್ದಳು. ಫೈಲು ಮುಂದುವರಿಯಿತು. ಉಸಿರು, ಲೋಟದ ಸದ್ದು, ನಿಧಾನವಾಗಿ ಅಪ್ಪನ ಗಡಿಯಾರ. ಆಮೇಲೆ, ಯಂತ್ರ ಇನ್ನೂ ಕೇಳಿಸಿಕೊಳ್ಳುತ್ತಿದೆಯೆಂಬ ಅರಿವಿಲ್ಲದೆ, ತನ್ನಷ್ಟಕ್ಕೆ ತಾನು ಗೊಣಗಿಕೊಂಡ ಅದೇ ದನಿ: "ಗಂಟೆ ಮೂರಾಯ್ತು. ಇವನು ಊಟ ಮಾಡಿದ್ನೋ ಇಲ್ವೋ. ಕೇಳದಿದ್ರೆ ಹೇಳೋನಲ್ಲ."

ಗಡಿಯಾರದವನು ಅತ್ತ. ಮರೆಮಾಚುವ ಗೋಜಿಗೂ ಹೋಗಲಿಲ್ಲ. ಗಂಟಲು ಕೊಯ್ಯಿಸಿಕೊಳ್ಳಲು ವಾರವೂ ಉಳಿದಿರದ ಹೆಂಗಸು ಕೂತುಕೊಂಡು ಯೋಚಿಸಿದ್ದು ಅದನ್ನು. ಈಗ ನಾಲ್ಕು ವರ್ಷದಿಂದ ಯಾರೂ ಅವನನ್ನು ಊಟ ಆಯಿತಾ ಎಂದು ಬಾಯಿಬಿಟ್ಟು ಕೇಳಿರಲಿಲ್ಲ. ಅಕ್ಕ ಕೈಸನ್ನೆಯಲ್ಲಿ ಕೇಳುತ್ತಿದ್ದಳು, ಅವನು ತಲೆತಗ್ಗಿಸಿ ಚಕ್ರಗಳನ್ನು ನೋಡುತ್ತಿದ್ದ.

ಮೂಗೊರೆಸಿಕೊಂಡ ಮೇಲೆ ಅವನು ಹೊರಡುವ ಬದಲು ಇನ್ನೊಂದು ಹಟ ಹಿಡಿದ. "ಅಲ್ಲಿ ಬರೀರಿ ಮೇಡಂ. ಆ ಚಿಕ್ಕಪ್ಪನ ಮನೆಯವರು ಬರೆದಿದ್ದಾರಲ್ಲ, ಅದರ ಕೆಳಗೆ. ಓಟ ಜಾಸ್ತಿ ಇದ್ರೆ ಹನ್ನೆರಡು ಸಾವಿರ ಮಾಡಿ ಅಂತ."

"ನಾಳೆ ಬರೆದ್ರೆ ಆಗಲ್ವಾ? ಅಕ್ಕಂಗೆ ಕೇಳಿಸೋ ಅವಸರ ಇಲ್ವಾ ನಿಮಗೆ?"

"ಇದೆ. ಆದ್ರೂ ಈಗ್ಲೇ ಬರೀರಿ. ನಾವು ಗಡಿಯಾರ ಬಿಚ್ಚಿದ್ರೆ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚ್ತೀವಿ. ಯಾವ ವರ್ಷ, ಏನು ಮಾಡಿದ್ವಿ ಅಂತ. ಹಾಕಿಕೊಂಡವರಿಗೆ ಅದು ಕಾಣಲ್ಲ. ಮುಂದೆ ಬಿಚ್ಚೋನಿಗೆ ಕಾಣತ್ತೆ. ಗೀಚದೇ ಮುಚ್ಚಳ ಹಾಕಬಾರದು."

ಗ್ರಂಥಪಾಲಕಿ ಬರೆದಳು. ಹೆಸರೇನು ಹಾಕಲಿ ಎಂದು ಕೇಳಿದಳು. ಹೆಸರು ಬೇಡ, ತಾರೀಖು ಹಾಕಿ ಸಾಕು ಎಂದ. ಆಮೇಲೆ ಆರುನೂರ ಹನ್ನೆರಡನ್ನೂ ಅವನ ಫೋನಿಗೆ ತುಂಬಿಸಿ, ಗ್ರಂಥಾಲಯ ಮುಚ್ಚುವ ಹೊತ್ತಾಯಿತು ಎಂದು ಕೂಗಲು ಇಟ್ಟುಕೊಂಡಿದ್ದ ಪುಟ್ಟ ಸ್ಪೀಕರನ್ನು ಅವನ ಕೈಗಿಟ್ಟಳು. "ತಂದ್ಕೊಡಿ ಮತ್ತೆ," ಎಂದಳು. "ನನ್ನ ದನಿ ಆ ಮೂಲೆಗೆ ಕೇಳಲ್ಲ."

ಶುಕ್ರವಾರ ಬೆಳಿಗ್ಗೆ ಲಾಂಡ್ರಿಯಲ್ಲಿ ಎಂದಿನ ಹಬೆ, ಎಂದಿನ ಗದ್ದಲ. ಒಗೆಯುವ ಯಂತ್ರಗಳ ಗುಡುಗಿನಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಅಕ್ಕ ರೋಲರುಗಳ ಹತ್ತಿರ ನಿಂತಿದ್ದಳು, ಸ್ಲೇಟು ದಾರದಲ್ಲಿ ಕುತ್ತಿಗೆಗೆ ತೂಗುಬಿದ್ದಿತ್ತು. ಹದಿನಾಲ್ಕು ಜನವೂ ತಮ್ಮ ತಮ್ಮ ಕೆಲಸಕ್ಕೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟಿದ್ದರು. ತಮ್ಮ ಬಂದದ್ದನ್ನು ನೋಡಿ ಅವಳು ಹುಬ್ಬು ಗಂಟಿಕ್ಕಿದಳು. ಅವನು ಸ್ಪೀಕರನ್ನು ಅವಳ ಸೊಂಟಕ್ಕೆ ಸಿಕ್ಕಿಸಿ, ಫೋನನ್ನು ಕೈಯಲ್ಲಿಟ್ಟ. ಅವಳು ಬೇಡವೆಂದು ತಲೆಯಾಡಿಸಿದಳು. ಗಿಳಿಯ ಹಾಗೆ ಕಿರುಚಿ ಇವರೆದುರು ಇನ್ನೊಮ್ಮೆ ನಗೆಪಾಟಲಾಗಲು ಅವಳು ತಯಾರಿರಲಿಲ್ಲ.

"ಒಂದೇ ಒಂದು ಒತ್ತೇ ಅಕ್ಕ," ಎಂದು ಅವನು ಅವಳ ಕಿವಿಯ ಹತ್ತಿರ ಕೂಗಿದ. "ಯಾವುದರಲ್ಲಿ ಏನಿದೆ ನಂಗೊತ್ತಿಲ್ಲ. ಬರೀ ನಂಬರ್ ಉಳಿದಿದೆ. ಕಣ್ಣುಮುಚ್ಚಿ ಒಂದು ಒತ್ತು. ಸರಿ ಇಲ್ದಿದ್ರೆ ನಾನೇ ನೆಲಮಾಳಿಗೆಗೆ ಬಂದು ನಿನ್ನ ಪಕ್ಕ ಕೂತ್ಕೋತೀನಿ."

ಅಕ್ಕ ಅವನನ್ನು ನೋಡಿದಳು. ಅವನ ಕಣ್ಣು ಊದಿಕೊಂಡಿದ್ದು ಕಾಣಿಸಿತೋ ಏನೋ. ಹೆಬ್ಬೆರಳು ಸಂಖ್ಯೆಗಳ ಮೇಲೆ ಸ್ವಲ್ಪ ಹೊತ್ತು ಅಲೆದು, ಎಲ್ಲೋ ಒಂದು ಕಡೆ ಒತ್ತಿತು.

"ಯಾರೇ ಅದು ಬಾಗಿಲು ಹಾರು ಹೊಡೆದು ಹೋದೋರು? ಹಬೆಯೆಲ್ಲ ಹೊರಗೆ ಹೋಗ್ತಿದೆ, ಮುಚ್ಚೇ!"

ಯಂತ್ರಗಳ ಸದ್ದನ್ನು ಸೀಳಿಕೊಂಡು ದನಿ ಆ ತುದಿಯ ಗೋಡೆಗೆ ಹೋಗಿ ಬಡಿಯಿತು. ಅಲ್ಲಿ ಮೊಣಕೈವರೆಗೆ ಒದ್ದೆ ಹೊದಿಕೆಗಳಲ್ಲಿ ಮುಳುಗಿದ್ದ ಹೆಂಗಸು ಹಿಂದೆ ತಿರುಗದೆ, ಕೈ ನಿಲ್ಲಿಸದೆ, ಕೂಗಿದಳು: "ನಾನಲ್ಲಕ್ಕಾ! ಆಗ್ಲೇ ಮುಚ್ಚಿದೀನಿ!"

ಕೂಗಿದ ಮೇಲೆ ಅವಳ ಕೈ ನಿಂತಿತು. ಅವಳ ಪಕ್ಕದವಳ ಕೈ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಮೂರು ವಾರದಲ್ಲಿ ಮೊದಲ ಸಲ ಅಕ್ಕ ಏನೋ ಹೇಳಿದ್ದಳು, ಅದಕ್ಕೆ ಉತ್ತರ ಬಂದಿತ್ತು. ತಮ್ಮ ಅವಳ ಕುತ್ತಿಗೆಯಿಂದ ಸ್ಲೇಟಿನ ದಾರ ತೆಗೆಯಲು ಕೈ ಚಾಚಿದರೆ, ಅವಳು ಅವನ ಕೈಮೇಲೆ ಪಟ್ಟನೆ ಹೊಡೆದು, ತಾನೇ ತೆಗೆದು ಬಟ್ಟೆಯ ರಾಶಿಯ ಮೇಲೆ ಎಸೆದಳು.

ಆ ತುದಿಯ ಹೆಂಗಸು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲ ಕಡೆ ನಡೆದಳು. ಬಾಗಿಲು ಮುಚ್ಚಿಯೇ ಇತ್ತು. ಅವಳು ಅದನ್ನು ಅಗಲವಾಗಿ ತೆರೆದಳು, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಮುಚ್ಚಿದಳು.